ನಲವತ್ತು ಬ್ಲಾಕ್ ಐಸು

ಮಲ್ಪೆ ಧಕ್ಕೆಯಿಂದ ಐದೂವರೆಯ ಬಸ್ಸು ಹಿಡಿದು
ಉಡುಪಿಗೆ ಹೋಗುತ್ತೇನೆ, ಕಾನೂನು ಓದಲಿಕ್ಕೆ.
ಚೀಲದಲ್ಲಿ ಕರಾರು ಕಾಯಿದೆ, ಬುತ್ತಿಡಬ್ಬಿ,
ಎಷ್ಟು ತೊಳೆದರೂ ಬಿಡದ ಬಂಗುಡೆಯ ವಾಸನೆ.
ಬೆಂಚಿನಲ್ಲಿ ನನ್ನ ಪಕ್ಕದ ಜಾಗ
ಮೊದಲ ವರ್ಷವಿಡೀ ಖಾಲಿಯಿತ್ತು.
ಈಗ ಫೆಲಿಕ್ಸ್ ಕ್ರಾಸ್ತಾ ಕೂರುತ್ತಾರೆ,
ಅಂಚೆ ಇಲಾಖೆಯಿಂದ ನಿವೃತ್ತರು.
ಮೂಗು ಕಟ್ಟಿದೆಯಂತೆ, ಹುಟ್ಟಿದಾಗಿನಿಂದ.

ವಕೀಲೆ ಆಗ್ತೀಯಾ? ಕೇಳದವರಿಲ್ಲ.
ಕಂಡಕ್ಟರ್ ಕೇಳಿದ. ಅತ್ತಿಗೆ ಕೇಳಿದಳು,
ಮೀನು ಕೊಯ್ಯುತ್ತಿದ್ದ ಕತ್ತಿಯನ್ನು ನನ್ನತ್ತ ತಿರುಗಿಸಿ.
ಇಲ್ಲ ಅಂದೆ.
ಮತ್ತೆಂತಕ್ಕೆ ಮಾರಾಯ್ತಿ, ನಲವತ್ತನಾಲ್ಕರಲ್ಲಿ?
ಕಪ್ಪು ಕೋಟು ಹಾಕಿದರೆ ನಾನು
ಒದ್ದೆ ಕಾಗೆಯ ಹಾಗೆ ಕಾಣುತ್ತೇನೆ ಅಂದೆ.
ಎಲ್ಲರೂ ನಕ್ಕರು. ನಗು ಉತ್ತರವಲ್ಲ,
ಪ್ರಶ್ನೆಗೊಂದು ತಡೆಯಾಜ್ಞೆ ಸಿಕ್ಕಿತು.

ನಿಜಕ್ಕೂ ನನಗೆ ಗೆಲ್ಲುವುದು ಬೇಡ,
ಪದಗಳು ಬೇಕು.
ಇಪ್ಪತ್ತೆರಡು ವರ್ಷ ಐಸ್ ಪ್ಲಾಂಟಿನ ಕಿಟಕಿಯಲ್ಲಿ
ಲೆಕ್ಕ ಬರೆದವಳಿಗೆ
ಜಮೆ, ಖರ್ಚು, ಬಾಕಿ, ಇಷ್ಟೇ ಗೊತ್ತಿತ್ತು.
ಇಲ್ಲಿ ನೋಡಿದರೆ
ಬಿದ್ದ ಉಂಗುರ ಸಿಕ್ಕಿದವನಿಗೂ ಒಂದು ಹೊಣೆ ಉಂಟು.
ಇನ್ನೊಬ್ಬರ ಜಾಗದಲ್ಲಿ ತಡೆಯಿಲ್ಲದೆ
ಇಪ್ಪತ್ತು ವರ್ಷ ನಡೆದ ಕಾಲಿಗೆ ದಾರಿಯ ಹಕ್ಕುಂಟು.
ಹೊಟ್ಟೆಯೊಳಗಿನ ಮಗುವಿಗೂ ಪಾಲುಂಟು.
ಯಾರೋ ಕೂತು ಇಷ್ಟನ್ನೆಲ್ಲ ಯೋಚಿಸಿದ್ದಾರಲ್ಲ!
ಬಸ್ಸಿನಲ್ಲಿ ಒಬ್ಬಳೇ ನಕ್ಕದ್ದುಂಟು.

ಉಪಾಧ್ಯ ಸರ್ ಕಾಲಪರಿಮಿತಿ ಕಾಯಿದೆ ಶುರುಮಾಡಿದ್ದು ಒಂದು ಗುರುವಾರ.
ಕರೆಂಟು ಹೋಗಿತ್ತು. ಅರ್ಧ ತರಗತಿ ತೂಕಡಿಸುತ್ತಿತ್ತು.
ಕಡ ಕೊಟ್ಟ ಸರಕಿಗೆ ಮೂರು ವರ್ಷ, ಅಂದರು,
ಆಮೇಲೆ ಕೋರ್ಟು ಬಾಗಿಲು ತೆರೆಯುವುದಿಲ್ಲ.
ಅಷ್ಟರೊಳಗೆ ಸಾಲಗಾರ ಒಪ್ಪಿ ಸಹಿ ಹಾಕಿದರೆ
ಕಾಲ ಮತ್ತೆ ಮೊದಲಿನಿಂದ.

ಪೆನ್ನು ಕೆಳಗಿಟ್ಟೆ.

ಹಳೇ ಲೆಡ್ಜರಿನ ಎಪ್ಪತ್ತೊಂದನೇ ಪುಟ:
ವರದಾಂಬಿಕೆ ಬೋಟು, ಸೋಮ ಮೆಂಡನ್,
ನಲವತ್ತು ಬ್ಲಾಕ್ ಐಸು, ಕಡ.
ಕಿಟಕಿಗೆ ಮೊಣಕೈ ಊರಿ
ದುಡ್ಡು ಬಂದು ಕೊಡ್ತೇನೆ, ಎಂದ.
ಸಹಿ ಹಾಕು, ಅಂದೆ.
ಕೈ ಒದ್ದೆ ಉಂಟು, ನಿನ್ನ ಪುಟ ಹಾಳಾಗ್ತದೆ, ಎಂದ.
ಬೆರಳಿನಿಂದ ಒಂದೇ ಹನಿ ಬಿದ್ದು
'ಐ' ಅಕ್ಷರ ಕದಡಿದ್ದು ಈಗಲೂ ಹಾಗೇ ಇದೆ.

ಬೋಟು ಬರಲಿಲ್ಲ. ಒಂಬತ್ತು ವರ್ಷ.
ಏಳು ವರ್ಷ ಸುದ್ದಿಯಿಲ್ಲದವನು ಸತ್ತನೆಂದು
ಕಾನೂನು ಊಹಿಸುತ್ತದೆ. ಅದನ್ನೂ ಓದಿದ್ದೇನೆ.
'ಊಹಿಸುತ್ತದೆ' ಎಂಬಲ್ಲಿ ಎರಡು ಸಲ ಗೆರೆ ಎಳೆದಿದ್ದೇನೆ.
ಪ್ರತಿ ಏಪ್ರಿಲಿನಲ್ಲಿ ಕುಂದರ್ ಧಣಿ ಹೇಳುತ್ತಾರೆ,
ಅದನ್ನೊಂದು ಹೊಡೆದು ಹಾಕು, ಐಸು ಕರಗಿ ಎಷ್ಟು ಕಾಲವಾಯಿತು.
ಪ್ರತಿ ಏಪ್ರಿಲಿನಲ್ಲಿ
ನಾನದನ್ನು ಹೊಸ ಪುಸ್ತಕಕ್ಕೆ ಎತ್ತಿ ಬರೆಯುತ್ತೇನೆ.

ಕರೆಂಟು ಬಂತು. ಫ್ಯಾನು ಕಿರುಗುಟ್ಟಿತು.
ಸರ್ ಪುಸ್ತಕ ಮುಚ್ಚುತ್ತಾ, ಯಾರಿಗೂ ಅಲ್ಲವೆಂಬಂತೆ:
ಅವಧಿ ಮೀರಿದರೆ ಸಾಯುವುದು ದಾವೆ,
ಹಕ್ಕಲ್ಲ.
ಪರೀಕ್ಷೆಗೆ ಬರಬಹುದು, ಗುರುತು ಹಾಕಿಕೊಳ್ಳಿ.

ಕಿರುಪರೀಕ್ಷೆಯಲ್ಲಿ ಬಂತು. ಹತ್ತಕ್ಕೆ ಆರು ಕೊಟ್ಟರು.
ಉದಾಹರಣೆ ಅನಗತ್ಯವಾಗಿ ಉದ್ದ,
ಅಂಚಿನಲ್ಲಿ ಕೆಂಪು ಶಾಯಿ.

ಕೊನೆಯ ಬಸ್ಸಿನಲ್ಲಿ ಕ್ರಾಸ್ತಾರೂ ಇರುತ್ತಾರೆ.
ನಾನು ಯಾಕೆ ಓದುತ್ತೇನೆಂದು ಅವರು ಕೇಳಿಲ್ಲ,
ಅವರು ಯಾಕೆಂದು ನಾನೂ.
ನಿನ್ನೆ ಆದಿಉಡುಪಿಯಲ್ಲಿ ಇಳಿಯುವಾಗ
ಮೆಟ್ಟಿಲ ಮೇಲೆ ನಿಂತು ತಿರುಗಿದರು:
'ಇವತ್ತು ಬಂಗುಡೆಯಲ್ಲ, ಬೂತಾಯಿ. ಅಲ್ವಾ?'