ಬಲೆಯ ಕಣ್ಣು ಎಣಿಸುತ್ತ

ಮರಕೈಬೋ ಸರೋವರ. ನೀರ ಮೇಲೆ ಕಚ್ಚಾ ಎಣ್ಣೆಯ ಪೊರೆ,
ಅದರಲ್ಲಿ ಸಿಕ್ಕ ಹಸಿರು ಪಾಚಿ,
ಅದರೊಳಗೆ ಕಂಬ ನೆಟ್ಟು ನಿಂತ ತಗಡಿನ ಮನೆ.
ಎವುದೋಸಿಯಾ ಹೊಸ್ತಿಲ ಮೇಲೆ ಕೂತು
ಅಣ್ಣನ ಬಲೆಗೆ ತೇಪೆ ಹಾಕುತ್ತಿದ್ದಾಳೆ.

ಅಣ್ಣ ನೆಕ್ತಾರಿಯೋ ದೋಣಿ ಹತ್ತಿ ಮೂರು ವರ್ಷವಾಯಿತು.
ಕುರ್ಚಿಗೆ ಹಳೆಯ ದುಪ್ಪಟಿಯಿಂದ ಸಡಿಲವಾಗಿ ಕಟ್ಟಿದ್ದಾರೆ.
ಕೈ ತಾನಾಗಿ ಏಳುತ್ತದೆ, ದೂರದ ಯಾರನ್ನೋ ಕರೆದ ಹಾಗೆ,
ಹುಬ್ಬು ಹಾರುತ್ತದೆ, ಕಾಲು ಯಾವುದೋ ತಾಳ ಹಿಡಿದು
ಅರ್ಧಕ್ಕೇ ಬಿಡುತ್ತದೆ.
ಊರಲ್ಲಿ ಇದಕ್ಕೆ ‘ಕೇಡು’ ಅನ್ನುತ್ತಾರೆ, ಅಷ್ಟೆ.
ಅಪ್ಪನಿಗೂ ಇತ್ತು, ಸೋದರತ್ತೆಗೂ.
ಕುಡಿದಿದ್ದಾನೆಂದು ಪೊಲೀಸರು ಅಪ್ಪನನ್ನು
ಎರಡು ಸಲ ಒಳಗೆ ಹಾಕಿದ್ದರು.
ಅಪ್ಪ ಕುಡಿಯುತ್ತಲೇ ಇರಲಿಲ್ಲ.

ರಕ್ತ ತೆಗೆಯಲು ಬಂದ ನರ್ಸ್ ಯಾಡೀರಾ
ಇದೇ ಬಲೆ ಎತ್ತಿ ತೋರಿಸಿ ಹೇಳಿದ್ದಳು:
ಜೀವಕೋಶದೊಳಗೂ ಒಂದು ದಾರ.
ನೂತ ಕೂಡಲೇ ಅದು ಸರಿಯಾಗಿ ಮಡಚಿಕೊಳ್ಳಬೇಕು.
ಅದರಲ್ಲೊಂದು ಕಡೆ ಒಂದೇ ಕಣ್ಣು ಮತ್ತೆ ಮತ್ತೆ ಬರುತ್ತದೆ,
ತೊದಲಿದ ಹಾಗೆ. ಇಪ್ಪತ್ತು ಸಲವಾದರೆ ಚಿಂತೆಯಿಲ್ಲ.
ನಲವತ್ತು ದಾಟಿತೋ, ದಾರ ಮಡಿಕೆ ತಪ್ಪುತ್ತದೆ,
ಪಕ್ಕದ್ದಕ್ಕೆ ಅಂಟುತ್ತದೆ, ಅದು ಅದರ ಪಕ್ಕದ್ದಕ್ಕೆ,
ಗಂಟು.

ಒಳಗೆ ಗುಡಿಸುವವರು ಇಲ್ಲವೇ?
ಇದ್ದಾರಮ್ಮ. ಹಗಲಿರುಳೂ. ಕೆಟ್ಟದ್ದನ್ನು ಕತ್ತರಿಸುವವರು,
ಮೂಟೆ ಕಟ್ಟಿ ಹೊರುವವರು.
ಎಷ್ಟೋ ವರ್ಷ ಅವರದೇ ಗೆಲುವು.
ಅದಕ್ಕೇ ನಿನ್ನಣ್ಣ ಮೂವತ್ತೈದರವರೆಗೆ ನೀಲಿ ಏಡಿ ಹಿಡಿದ,
ಮದುವೆಯಾದ, ಇಬ್ಬರು ಮಕ್ಕಳ ತಂದೆಯಾದ.
ಆಮೇಲೆ ಅವರ ಕತ್ತರಿಯೇ
ಗಂಟಿನಲ್ಲಿ ಸಿಕ್ಕಿಕೊಂಡಿತು.

(ಮಡಿ ಎಂದರೆ ಮಡಿಕೆ. ಮಡಿ ಎಂದರೆ ಪಟ್ಟು: ಎರಡು ಮಡಿ, ನೂರು ಮಡಿ.
ಒಗೆದು ಒಣಹಾಕಿ ಯಾರೂ ಮುಟ್ಟದ ಬಟ್ಟೆಯೂ ಮಡಿ.
ಮಡಿ ಎಂದರೆ, ಸಾಯಿ.
ನನ್ನ ನುಡಿ ಈ ಊರನ್ನು ಕಂಡಿಲ್ಲ.
ಆದರೂ ಇಷ್ಟನ್ನೂ ಒಂದೇ ಪದದಲ್ಲಿ
ಯಾರು ಮಡಿಸಿಟ್ಟರೋ.)

ರಾಜಧಾನಿಯಿಂದ ಲಕೋಟೆ ಬಂದು ಹನ್ನೊಂದು ದಿನ.
ಒಳಗೆ ಅವಳದೇ ಒಂದು ಸಂಖ್ಯೆ.
ನಾಲ್ಕು ಮಡಿಕೆ ಮಾಡಿ
ಬಲೆಸೂಜಿಯ ಡಬ್ಬಿಯ ಕೆಳಗಿಟ್ಟಿದ್ದಾಳೆ.
ಕಾಗದ ಎಷ್ಟು ಚೆನ್ನಾಗಿ ಮಡಚುತ್ತದೆ.

ಕತ್ತಲಾಯಿತು. ನದಿ ಬಂದು ಸೇರುವ ಕಡೆ, ದಿನದಂತೆ,
ಗುಡುಗಿಲ್ಲದ ಮಿಂಚು ಶುರು.
ಬಲೆಯ ಆ ತುದಿ ಅಣ್ಣನ ಮಡಿಲಲ್ಲಿದೆ.
ಅವನ ಅದುರು ಕಣ್ಣಿಂದ ಕಣ್ಣಿಗೆ ದಾಟಿ
ಅವಳ ಬೆರಳಿಗೆ ಬರುತ್ತದೆ. ಅವನದೇ, ಅಂದುಕೊಳ್ಳುತ್ತಾಳೆ.
ಎಣಿಸುತ್ತಾಳೆ: ಮೂವತ್ತೇಳು, ಮೂವತ್ತೆಂಟು,
ಮೂವತ್ತೊಂಬತ್ತು...

ಮಿಂಚು. ಎಣಿಕೆ ತಪ್ಪಿತು.
ಮತ್ತೆ, ಒಂದರಿಂದ.