ನೇರಳೆ ದೀಪದ ಕೋಣೆ

ಆಯ್ದಿನ್ ಊರಾಚೆ, ಅಂಜೂರದ ಕಾರ್ಖಾನೆಯಲ್ಲಿ
ಒಂದು ಕೋಣೆಗೆ ಕಿಟಕಿಯೇ ಇಲ್ಲ.
ಬಾಗಿಲಿಗೆ ಕರಿಯ ಪರದೆ, ಅದರಾಚೆ ಇನ್ನೊಂದು.
ನಡುವೆ ನಾವು ಹದಿನಾಲ್ಕು ಹೆಂಗಸರು
ಕಣ್ಣು ಕತ್ತಲಿಗೆ ಒಗ್ಗಲೆಂದು ನಿಲ್ಲುತ್ತೇವೆ,
ಹೊಳೆಗಿಳಿಯುವ ಮುನ್ನ ಪಾದ ನೆನೆಸಿಕೊಂಡ ಹಾಗೆ.

ಒಳಗೆ ನೇರಳೆ ದೀಪ.
ಅದರಡಿ ಶೆವ್ಕಿಯೆಯ ಹಲ್ಲು ಹೊಳೆಯುತ್ತದೆ,
ಸೋಪಿನಪುಡಿ ಉಂಡ ನನ್ನ ತಲೆವಸ್ತ್ರ ಹೊಳೆಯುತ್ತದೆ.
ಒಳ್ಳೆಯ ಹಣ್ಣು ಮಾತ್ರ ಕಪ್ಪಗೆ, ಸುಮ್ಮಗೆ,
ಬೆಲ್ಟಿನ ಮೇಲೆ ಮಲಗಿ ಸಾಗುತ್ತದೆ.
ಎಲ್ಲೋ ಒಂದು
ಹಸಿರು ಹಳದಿ ಬೆರೆತು ಉರಿಯುತ್ತದೆ.

ಮೊದಲ ದಿನ ಅಂಥದೊಂದನ್ನು ಎತ್ತಿ "ಎಷ್ಟು ಚೆಂದ" ಎಂದಿದ್ದೆ.
"ಚೆಂದದ್ದೆಲ್ಲ ಆ ಕೆಂಪು ಬುಟ್ಟಿಗೆ," ಅಂದಿದ್ದಳು ಶೆವ್ಕಿಯೆ.

ಮೇಲಿನ ಮಹಡಿಯ ಓರ್ಹುನ್‌ಗೆ ನಮ್ಮ ಕಣ್ಣಿನ ಮೇಲೆ ನಂಬಿಕೆ ಕಡಿಮೆ.
"ಬೆಳಕು ಸುಳಿವಷ್ಟೇ ಅಕ್ಕಾ, ಸಾಕ್ಷಿಯಲ್ಲ."
ಅವನು ಹಣ್ಣನ್ನು ಅರೆದು, ತೊಳೆದು, ಸೋಸಿ
ಯಂತ್ರಕ್ಕೆ ಕುಡಿಸುತ್ತಾನೆ.
ಅದು ಗೆರೆ ಎಳೆಯುತ್ತ ಎಳೆಯುತ್ತ
ಒಂದು ಕಡೆ ಗುಡ್ಡ ಹತ್ತುತ್ತದೆ.
ಗುಡ್ಡ ಎಷ್ಟೆತ್ತರವೋ ನಂಜು ಅಷ್ಟು.
ಹೆಸರು ಅಫ್ಲಾಟಾಕ್ಸಿನ್.
ನಮ್ಮ ಬಾಯಲ್ಲಿ ಅದು ಬರೀ "ಹೊಳೆಯುವುದು."

ನಮ್ಮಲ್ಲಿ ಅಂಜೂರವನ್ನು ಯಾರೂ ಕೀಳುವುದಿಲ್ಲ.
ಮರದಲ್ಲೇ ಬಾಡಿ, ಸಿಹಿ ಭಾರವಾಗಿ
ತಾನೇ ಬೀಳುತ್ತದೆ.
ಬಿದ್ದದ್ದನ್ನು ಆ ದಿನವೇ ಹೆಕ್ಕಬೇಕು.
ಈ ಸಲ ಮಳೆ ಬಂತು.
ಮಗಳಿಗೆ ಜ್ವರ.
ಎರಡು ರಾತ್ರಿ ಹಣ್ಣು ಮಣ್ಣಿನ ಜೊತೆ ಮಲಗಿತು.
ಮೂರನೆಯ ದಿನ ಹೆಕ್ಕಿದೆ, ಒರೆಸಿದೆ, ಒಣಗಿಸಿದೆ,
ಯಾರಿಗೂ ಹೇಳಲಿಲ್ಲ.

ಇವತ್ತು ಬೆಲ್ಟಿಗೆ ಸುರಿದ ಪೆಟ್ಟಿಗೆಯ ಮೇಲೆ
ನಮ್ಮದೇ ನಂಬರು, ಮುನ್ನೂರ ಹದಿನೆಂಟು.
ಒಂದು ಹೊಳೆಯಿತು. ಎತ್ತಿದೆ.
ಎರಡು. ನಾಲ್ಕು.
ಆಮೇಲೆ ದೀಪಾವಳಿ ಹಚ್ಚಿದ ಹಾಗೆ
— ಎಂದು ನಗುವವರು ನಕ್ಕಾರು, ನನಗೆ ನಗು ಬರಲಿಲ್ಲ.
ಹನ್ನೊಂದನೆಯದರ ಮೇಲೆ ಕೈ ನಿಂತಿತು.
ತೂಕ ಇಳಿದರೆ ದುಡ್ಡು ಇಳಿಯುತ್ತದೆ.

ಎದುರಿಗೆ ಕತ್ತಲಲ್ಲಿ ತೇಲುತ್ತಿದ್ದ ಬಿಳಿ ನಗು
ಇದ್ದಕ್ಕಿದ್ದಂತೆ ಆರಿತು.
ಶೆವ್ಕಿಯೆ ತುಟಿ ಮುಚ್ಚಿದ್ದಳು.
ಹನ್ನೊಂದನೆಯದನ್ನೂ ಎತ್ತಿದೆ.
ಕೆಂಪು ಬುಟ್ಟಿ ತುಂಬಿತು, ಇನ್ನೊಂದು ತರಿಸಿದರು.

ರಾತ್ರಿ ಮನೆಯಲ್ಲಿ, ಹಳದಿ ಬಲ್ಬಿನಡಿ,
ಬಟ್ಟಲಲ್ಲಿ ಅದೇ ಮರದ ಹಣ್ಣು.
ಒಂದನ್ನು ಸೀಳಿದೆ, ಮೂಸಿದೆ,
ನಾಲಗೆ ತುದಿಗೆ ಮುಟ್ಟಿಸಿದೆ.
ಬರೀ ಸಿಹಿ.
ಎಲ್ಲವೂ ಒಂದೇ ತಾಯಿಯ ಮಕ್ಕಳ ಹಾಗೆ ಸಾಧು.
ಕೈ ತಾನಾಗಿ ಹೋಗಿ ಸ್ವಿಚ್ಚು ಒತ್ತಿತು.

"ಅಮ್ಮಾ, ಏನೂ ಕಾಣಿಸ್ತಿಲ್ಲ," ಎಂದಳು ನೆರ್ಗಿಸ್.
ನನಗೂ ಕಾಣಿಸಲಿಲ್ಲ.
ಕತ್ತಲಲ್ಲಿ ಅವಳ ಹಲ್ಲಿನಡಿ
ಅಂಜೂರದ ಸಣ್ಣ ಬೀಜಗಳ ಕಟಕಟ.