ಪ್ರಾಯೋಗಿಕ ಪರೀಕ್ಷೆ

ಬೊಂಬೆಯನ್ನು ಇಲಿ ತಿಂದಿತ್ತು.
‘ಮೇಷ್ಟ್ರೇ, ನಾನೇ ಮಯ್ಯತ್ತಾಗ್ತೀನಿ’ ಅಂದವನೇ ಜರ್ಕಾಸಿ
ಚಾಪೆಯ ಮೇಲೆ ಉದ್ದಕ್ಕೆ ಮಲಗಿಬಿಟ್ಟ.
ಹನ್ನೊಂದನೇ ತರಗತಿ ಹೋ ಎಂದು ನಕ್ಕಿತು.

ಬಂಜಾರ್‌ಮಾಸಿನ್ನಿನಲ್ಲಿ ನೆಲಕ್ಕಿಂತ ನೀರು ಜಾಸ್ತಿ.
ನಮ್ಮ ಪ್ರೌಢಶಾಲೆಯ ನಮಾಜಿನ ಕೋಣೆಯೂ
ಹೊಳೆಯೊಳಗೆ ಕಾಲಿಟ್ಟೇ ನಿಂತಿದೆ.
ಮೆಟ್ಟಿಲ ಮೇಲೆ ಮೂವತ್ತಾರು ಜೊತೆ ಬೂಟು,
ಒಂದರ ಲಾಡಿಗೆ ಇನ್ನೊಂದರ ಲಾಡಿ
ಗಂಟು ಹಾಕಿಟ್ಟಿದ್ದಾನೆ ಯಾವನೋ.

ನನ್ನ ಕೈಯಲ್ಲಿ ಅಂಕಪಟ್ಟಿ:
ಬಟ್ಟೆಯ ಮೂರು ಪದರಕ್ಕೆ ಇಪ್ಪತ್ತು,
ಕರ್ಪೂರಕ್ಕೆ ಹತ್ತು, ಗಂಟಿಗೆ ಹದಿನೈದು,
‘ಗಾಂಭೀರ್ಯ’ ಎಂಬುದಕ್ಕೆ ಐದು.
ಕಂಕುಳಿಗೆ ಹತ್ತಿ ತಾಗಿದ್ದೇ ಹೆಣ ಕಿಲಕಿಲ ಎಂದಿತು.
ಮೊದಲ ತಂಡಕ್ಕೆ ಅಲ್ಲೇ ಐದೂ ಹೋಯಿತು.

ಆಮೇಲೆ ಅನ್ವಾರಿ ಬಂದ.
ದಿನಾ ದೋಣಿಯಲ್ಲಿ ಬರುವ ಹುಡುಗ, ದಿನಾ ತಡ.
ಬಾಗಿಲ ಬಳಿ ಕೆಂಪು ಪುಸ್ತಕ ಹಿಡಿದು ನಿಲ್ಲುವವನು ನಾನು.
ಈ ತಿಂಗಳಲ್ಲೇ ಹನ್ನೆರಡು ಸಲ ಅವನ ಹೆಸರು ಬರೆದಿದ್ದೇನೆ,
ಒಂದು ಸಲವೂ ‘ಯಾಕೋ’ ಎಂದಿಲ್ಲ.

ಪುಸ್ತಕ ನೋಡಲಿಲ್ಲ ಅವನು.
ಜರ್ಕಾಸಿಯ ತಲೆಯ ಕೆಳಗೆ ಅಂಗೈ ಕೊಟ್ಟು,
ಮಗುವನ್ನು ತೊಟ್ಟಿಲಿಗೆ ಇಳಿಸುವ ಹಾಗೆ ಇಳಿಸಿ,
ಎಡಗಡೆ ಮಡಚಿ, ಬಲಗಡೆ ಅದರ ಮೇಲೆ ತಂದು,
ನೆರಿಗೆಯೊಂದನ್ನು ಬೆರಳಿನಿಂದ ತೀಡಿದ.
ಗಂಟು ಹಾಕಿದ, ಎಳೆದರೆ ಸಾಕು, ಬಿಚ್ಚಿಕೊಳ್ಳುವಂಥದು.
‘ಬಿಗಿಯಾಗಿ ಹಾಕಬಾರದು ಮೇಷ್ಟ್ರೇ.
ಗುಂಡಿಯೊಳಗೆ ಕೈ ನಡುಗ್ತದೆ,
ಬಿಚ್ಚೋಕೆ ಬರಲ್ಲ.’

ಪಾಠದಲ್ಲಿ ಇದು ಇರಲಿಲ್ಲ.

ಯಾರೂ ನಗಲಿಲ್ಲ. ಬಿಳಿ ಬಟ್ಟೆಯೊಳಗೆ
ಜರ್ಕಾಸಿ ಕೂಡ ಉಸಿರು ಹಿಡಿದಿದ್ದ.
ಹಲಗೆಯ ಸಂದಿಯಲ್ಲಿ ಹೊಳೆ ಒಂದು ಬಾಳೆಸಿಪ್ಪೆಯನ್ನು
ಅತ್ತ ಒಯ್ದು, ಮತ್ತೆ ಇತ್ತ ತಂದಿತು.
‘ಯಾರಿಗೋ?’ ಎಂದೆ ಕೊನೆಗೆ.
‘ಅಪ್ಪನಿಗೆ. ರಂಜಾನಿಗೆ ಮುಂಚೆ.’
‘ದೋಣಿ?’
‘ಈಗ ನಾನೇ ನಡೆಸ್ತೀನಿ. ತರಕಾರಿ ಇಳಿಸಿ ಬರ್ತೀನಿ.’

ಗಂಟೆ ಹೊಡೆಯಿತು. ಹುಡುಗರು ಮೆಟ್ಟಿಲಲ್ಲಿ
ಲಾಡಿ ಬಿಡಿಸುತ್ತಾ ಒಬ್ಬರನ್ನೊಬ್ಬರು ಬೈದುಕೊಂಡರು.
ಅಂಕಪಟ್ಟಿಯಲ್ಲಿ ಅನ್ವಾರಿಯ ಸಾಲು
ಇನ್ನೂ ಖಾಲಿ ಇದೆ.
ನೂರಕ್ಕೆ ನೂರು ಬರೆಯಲು ಹೋಗಿ ಪೆನ್ನು ಎತ್ತಿದೆ:
ಇದಕ್ಕೆಲ್ಲ ಬಹುಮಾನ ಕೊಡುವವನು ನಾನು ಯಾರು?

ಮರುದಿನ ಏಳೂ ಇಪ್ಪತ್ತಕ್ಕೆ ಬಂದ, ಮತ್ತೆ ತಡ.
ರೂಢಿಯಂತೆ ಬಾಗಿ ನನ್ನ ಕೈಯನ್ನು ಹಣೆಗೆ ಒತ್ತಿಕೊಂಡ,
ಡೀಸೆಲ್ಲಿನ ವಾಸನೆ, ಒದ್ದೆ ಸೊಪ್ಪಿನ ವಾಸನೆ.
ಕೆಂಪು ಪುಸ್ತಕ ಕಂಕುಳಲ್ಲೇ ಇತ್ತು.
‘ತಿಂಡಿ ಆಯ್ತೇನೋ?’ ಎಂದೆ.
ಅವನು ತಬ್ಬಿಬ್ಬಾಗಿ
ತಾನೇ ಪೆನ್ನು ಚಾಚಿದ.